ಬದು, ಲಾವಂಚ, ನೇಪಿಯರ್: ಇಳಿಜಾರು ಹೊಲಕ್ಕೆ ಯಾವುದು ಗಿಟ್ಟುತ್ತದೆ?

ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೂ ಅದು ಸುಮಾರು 5 ಟನ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕೆರೆ ಸೇರಿದ ಅದೇ ಮಣ್ಣನ್ನು ಆಮೇಲೆ ಗೋಡು ಅಂತ ಬಾಡಿಗೆ ಕೊಟ್ಟು ಟ್ರ್ಯಾಕ್ಟರ್‌ನಲ್ಲಿ ಹೊಡೆಸುತ್ತೇವೆ. ಹಾಗಾಗಿ ಮಣ್ಣು ತಡೆಯುವ ಖರ್ಚನ್ನು ನಾನು ಈ ಬಾಡಿಗೆಯ ಪಕ್ಕದಲ್ಲಿಟ್ಟೇ ನೋಡುತ್ತೇನೆ.

ನಮ್ಮದು ಗುಂಡ್ಲುಪೇಟೆ ಕಡೆಯ ಕೆಂಪು ಮಣ್ಣು, ಮಳೆ ನಂಬಿದ ರಾಗಿ, ಹುರುಳಿ. ಮಣ್ಣು ತಡೆಯಲು ಒಂದೇ ಇಳಿಜಾರಿನಲ್ಲಿ ಮೂರು ಬಗೆ ಮಾಡಿ ನೋಡಿದೆ: ಮಣ್ಣಿನ ಬದು, ಲಾವಂಚದ ಹುಲ್ಲಿನ ಸಾಲು, ನೇಪಿಯರ್ ಎಂಬ ಮೇವಿನ ಹುಲ್ಲಿನ ಸಾಲು.

ಮಣ್ಣಿನ ಬದು ಮೊದಲ ಮಳೆಗೇ ಕೆಲಸಕ್ಕೆ ಬರುತ್ತದೆ. ನರೇಗಾದಲ್ಲಿ ಹಾಕಿಸಿಕೊಂಡವರಿಗೆ ಕೈಯಿಂದ ಹೋದ ದುಡ್ಡೂ ಕಡಿಮೆ. ಆದರೆ ಜಾಗದ ಲೆಕ್ಕ ಹಾಕಿ. ಚೌಕದ ಎಕರೆ ಅಂದರೆ ಒಂದು ಬದಿ 208 ಅಡಿ. ಐದು ಅಡಿ ಅಗಲದ ಎರಡು ಬದು ಹಾಕಿದರೆ ಹತ್ತಿರ ಹತ್ತಿರ 2 ಗುಂಟೆ ಹೋಯಿತು. ಜೋರು ಮಳೆಗೆ ನೀರು ನಿಂತು ಒಂದು ಕಡೆ ಒಡೆದರೆ ಅಲ್ಲೇ ಕೊರಕಲು. ಮತ್ತೆ ಜೆಸಿಬಿ, ಮತ್ತೆ ಆಳು.

ಲಾವಂಚದ ಎರಡು ಸಾಲಿಗೆ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ ಸಾಕು. ಅರ್ಧ ಅಡಿಗೊಂದರಂತೆ 830 ಕಡ್ಡಿ ಬೇಕು. ಹಳೇ ತೆಂಡೆ ಸಿಕ್ಕಿದರೆ ಒಡೆದು ನೆಡಬಹುದು, ಖರ್ಚೆಲ್ಲ ಕೂಲಿಯದೇ. ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಇದನ್ನು ಊರೂರಿಗೆ ಹೇಳಿದರು. ನಮ್ಮ ಗುಂಡ್ಲುಪೇಟೆ ರೈತರು ಅದಕ್ಕೂ ಬಹಳ ಮುಂಚೆ ಹೊಲದ ಗಡಿಗೆ ಇದನ್ನೇ ನೆಟ್ಟಿದ್ದರು. ನನಗೆ ಅದು ಹೆಮ್ಮೆಯ ವಿಷಯ.

ಸಾಲು ಕೂಡಿಕೊಳ್ಳಲು ಎರಡು ಮೂರು ವರ್ಷ ಬೇಕು. ಸತ್ತ ಕಡೆ ಮತ್ತೆ ನೆಡಲೇಬೇಕು, ಒಂದು ಸಂದು ಬಿಟ್ಟರೂ ನೀರು ಅಲ್ಲೇ ನುಗ್ಗುತ್ತದೆ. ಕೂಡಿಕೊಂಡ ಮೇಲೆ ನೀರು ನಿಧಾನವಾಗಿ ಸೋಸಿ ಹೋಗುತ್ತದೆ, ಮಣ್ಣು ಹಿಂದೆ ನಿಲ್ಲುತ್ತದೆ. ವರ್ಷ ವರ್ಷ ಅಲ್ಲಿ ನೆಲ ತಾನಾಗಿ ಮಟ್ಟವಾಗುತ್ತಾ ಬರುತ್ತದೆ. ಬೇರು ಅಡ್ಡ ಹರಡದೆ ನೇರ ಆಳಕ್ಕೆ ಇಳಿಯುವುದರಿಂದ ಪಕ್ಕದ ರಾಗಿ ಸೊರಗಲಿಲ್ಲ. ಕೊರತೆ ಮೇವಿನದು. ಎಳೆಯದನ್ನು ದನ ತಿನ್ನುತ್ತದೆ, ಬಲಿತದ್ದನ್ನು ಮೂಸಿ ಬಿಡುತ್ತದೆ. ಅದನ್ನು ಕೊಯ್ದು ಹೊಲಕ್ಕೇ ಮುಚ್ಚಿಗೆ ಮಾಡುತ್ತೇನೆ. ಬೇರಿಗೆ ಬೆಲೆ ಇದೆ ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಬೇರು ಅಗೆದರೆ ಉಳಿಯುವುದು ಬರೀ ಕಾಲುವೆ, ಅಲ್ವಾ?

ನೇಪಿಯರ್ ಹಾಲಿನ ಲೆಕ್ಕದಲ್ಲಿ ದುಡ್ಡು ತೋರಿಸುತ್ತದೆ, ಮನೆಯವರೆಲ್ಲ ಅದರ ಪರ. ಆದರೆ ಅದು ನೀರು, ಗೊಬ್ಬರ ಎರಡನ್ನೂ ಎಳೆಯುತ್ತದೆ. ಪಕ್ಕದ ಸಾಲಿನ ತೆನೆ ಸಣ್ಣದಾಯಿತು. ಬುಡಗಳ ನಡುವಿನ ಸಂದಿನಲ್ಲಿ ಮಣ್ಣೂ ನುಸುಳಿತು.

ಈಗ ಇಳಿಜಾರಿಗೆಲ್ಲ ಲಾವಂಚ, ಪಸೆ ನಿಲ್ಲುವ ಕೆಳಗಿನ ಮೂಲೆಗೆ ನೇಪಿಯರ್. ಹೊರಗಿನ ನೀರು ನುಗ್ಗುವ ಮೇಲಂಚಿನಲ್ಲಿ ಮಾತ್ರ ಬದು. ಹಸು ಇಲ್ಲದವರು ನೇಪಿಯರ್ ಬಿಟ್ಟುಬಿಡಿ. ಹೊಲ ಗುತ್ತಿಗೆಗೆ ಹಿಡಿದವರಿಗೆ ಲಾವಂಚ ಗಿಟ್ಟುವುದಿಲ್ಲ. ಸಾಲು ಕೂಡಿಕೊಳ್ಳುವ ಹೊತ್ತಿಗೆ ಹೊಲ ಬೇರೆಯವರ ಕೈಯಲ್ಲಿರುತ್ತದೆ. ಅಂಥ ಕಡೆ ನೆಡುವ ಕೂಲಿಯನ್ನು ಹೊಲದ ಒಡೆಯನೇ ಕೊಡಬೇಕು, ಇಲ್ಲವೇ ಗುತ್ತಿಗೆಯಲ್ಲಿ ಮುರಿದುಕೊಳ್ಳಬೇಕು.