ಬಳಸಿದ ವ್ಯಾನ್ ಮಾರುವ ಒಂದು ಅಂಗಡಿ: ಐದರಲ್ಲಿ ಎರಡು ನಕ್ಷತ್ರ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಈ ವ್ಯಾಪಾರಿಯ ಹೆಸರನ್ನು ನಾನು ಬರೆಯುವುದಿಲ್ಲ, ಏಕೆಂದರೆ ತಕರಾರು ಕೋರ್ಟಿನ ಮೆಟ್ಟಿಲು ಹತ್ತದೆ ಬಗೆಹರಿದಿದೆ. ಅಂಗಡಿಯ ಒಳ್ಳೆಯ ಗುಣಗಳನ್ನು ಮೊದಲೇ ಹೇಳಿಬಿಡುತ್ತೇನೆ: ಗಾಡಿಗಳನ್ನು ಚೊಕ್ಕಟವಾಗಿ ಇಟ್ಟಿರುತ್ತಾರೆ, ಓಡಿಸಿ ನೋಡಲು ಧಾರಾಳವಾಗಿ ಬಿಡುತ್ತಾರೆ, ಕಾಗದಪತ್ರಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತಾರೆ.

ನನ್ನ ಸಣ್ಣ ಮುದ್ರಣಾಲಯದ ಹೆಸರಿನಲ್ಲಿ ಅಲ್ಲಿ 9,600 ಪೌಂಡ್ ಕೊಟ್ಟು ಒಂದು ವ್ಯಾನ್ ಕೊಂಡೆ. ಜಾಹೀರಾತಿನಲ್ಲಿ 48,000 ಮೈಲಿ ಓಡಿದೆ ಎಂದಿತ್ತು. ಅದು ನಿಜವೇ ಎಂದು ಕೇಳಿದಾಗ ಮಾರಾಟಗಾರ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿ, ಇದೇ ನಿಜವಾದ ಲೆಕ್ಕ ಎಂದರು. ನಲವತ್ತೇಳನೆಯ ದಿನ ಸರ್ವೀಸಿಗೆ ಬಿಟ್ಟಾಗ, ಸವೆದು ನುಣುಪಾಗಿದ್ದ ಕ್ಲಚ್ ಪೆಡಲಿನ ರಬ್ಬರನ್ನು ಮೆಕ್ಯಾನಿಕ್ ತೋರಿಸಿ, ಇದು ಅಷ್ಟು ಕಡಿಮೆ ಓಡಿದ ಗಾಡಿಯಲ್ಲ ಎಂದ. ಈ ದೇಶದಲ್ಲಿ ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ದಾಖಲಾಗುವ ಮೈಲಿಗಳನ್ನು, ನೋಂದಣಿ ಸಂಖ್ಯೆ ಹಾಕಿ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಂದು ಸಂಜೆ ನೋಡಿದೆ. ಎರಡು ವರ್ಷ ಹಿಂದಿನ ತಪಾಸಣೆಯಲ್ಲಿ 91,000ಕ್ಕೂ ಹೆಚ್ಚು, ಅದರ ಮುಂದಿನ ವರ್ಷ 46,000 ಚಿಲ್ಲರೆ. ವ್ಯಾನ್ ಹಿಂದಕ್ಕೆ ಓಡಿತ್ತು!

ಮ್ಯಾನೇಜರ್ ಕೊಟ್ಟ ಮೊದಲ ಉತ್ತರ ಸರಿಯಾಗಿಯೇ ಇತ್ತು: ನಾನು ವ್ಯಾಪಾರಕ್ಕಾಗಿ ಕೊಂಡಿದ್ದರಿಂದ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ರಕ್ಷಣೆ ನನಗಿರಲಿಲ್ಲ. ಆದರೆ ಅದಕ್ಕಿಂತ ಹಳೆಯದಾದ ತಪ್ಪು ನಿರೂಪಣೆಯ ಕಾನೂನು ವ್ಯಾಪಾರಿಗಳ ನಡುವಿನ ಕರಾರಿಗೂ ಅನ್ವಯಿಸುತ್ತದೆ. ಕರಾರಿಗೆ ಮುಂಚೆ ಒಬ್ಬರು ವಸ್ತುಸ್ಥಿತಿಯ ಬಗ್ಗೆ ಸುಳ್ಳಾದ ಮಾತು ಹೇಳಿ, ಅದನ್ನು ನಂಬಿ ಇನ್ನೊಬ್ಬರು ಸಹಿ ಹಾಕಿದ್ದರೆ ಆ ಕರಾರು ತಾನಾಗಿಯೇ ಶೂನ್ಯವಾಗುವುದಿಲ್ಲ. ಮೋಸಹೋದವರು ಬೇಕೆಂದರೆ ಅದನ್ನು ರದ್ದುಮಾಡಬಹುದು, ಬೇಡವೆಂದರೆ ಉಳಿಸಿಕೊಳ್ಳಬಹುದು. ಜಾಹೀರಾತಿನಲ್ಲಿದ್ದ ‘ಬೆಣ್ಣೆಯಂತೆ ಓಡುವ ಗಾಡಿ’ ಎಂಬುದು ಬರೀ ಹೊಗಳಿಕೆ, ಅದಕ್ಕೆ ಬೆಲೆಯಿಲ್ಲ. ಮೈಲಿಯ ಸಂಖ್ಯೆ ಹಾಗಲ್ಲ.

ಎರಡನೆಯ ಉತ್ತರ ನನ್ನನ್ನು ಕೆಣಕಿತು. ಕೊಳ್ಳುವ ಮೊದಲು ನೀವೇ ಜಾಲತಾಣ ನೋಡಬಹುದಿತ್ತಲ್ಲ ಎಂದರು. ನೋಡಬಹುದಿತ್ತು, ನೋಡಲಿಲ್ಲ, ನನ್ನ ಸೋಮಾರಿತನವನ್ನು ಒಪ್ಪುತ್ತೇನೆ. ಆದರೆ 1881ರ ರೆಡ್‌ಗ್ರೇವ್ ವಿರುದ್ಧ ಹರ್ಡ್ ಪ್ರಕರಣದಲ್ಲಿ ಒಬ್ಬ ವಕೀಲರು ತಮ್ಮ ವೃತ್ತಿಯಲ್ಲಿ ಪಾಲುಗಾರಿಕೆಯನ್ನೂ ಜೊತೆಗೆ ಮನೆಯನ್ನೂ ಕೊಡುವಾಗ ಆದಾಯವನ್ನು ಹೆಚ್ಚಾಗಿ ಹೇಳಿದ್ದರು; ಕಾಗದಗಳನ್ನು ಮುಂದಿಟ್ಟಿದ್ದರೂ ಕೊಳ್ಳುವವರು ಸರಿಯಾಗಿ ಪರಿಶೀಲಿಸಿರಲಿಲ್ಲ. ಸತ್ಯವನ್ನು ಕಂಡುಕೊಳ್ಳುವ ಅವಕಾಶವಿತ್ತು ಎಂಬ ಕಾರಣಕ್ಕೆ ಕರಾರು ರದ್ದುಮಾಡುವ ಹಕ್ಕು ಹೋಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಅಷ್ಟೇ ಅಲ್ಲ, ಅದೇ ಜಾಲತಾಣ ಅಂಗಡಿಯವರಿಗೇ ತಿರುಗುಬಾಣವಾಯಿತು. 1967ರ ಮಿಸ್‌ರೆಪ್ರೆಸೆಂಟೇಷನ್ (ತಪ್ಪು ನಿರೂಪಣೆ) ಕಾಯಿದೆಯ 2(1)ನೆಯ ಕಲಮಿನ ಪ್ರಕಾರ, ತಾವು ಹೇಳಿದ್ದು ನಿಜವೆಂದು ಕರಾರಿನ ಕ್ಷಣದವರೆಗೂ ನಂಬಿದ್ದೆವು, ನಂಬಲು ಸಕಾರಣವೂ ಇತ್ತು ಎಂದು ಹೇಳಿದವರೇ ಸಾಬೀತುಪಡಿಸಬೇಕು, ಇಲ್ಲವಾದರೆ ನಷ್ಟ ತುಂಬಿಕೊಡಬೇಕು. ಒಂದು ನಿಮಿಷದಲ್ಲಿ ತೆರೆಯುವ ದಾಖಲೆಯನ್ನು ನೋಡದೆ ಮೀಟರಿನ ಗಾಜು ತಟ್ಟಿದ ವೃತ್ತಿಪರ ವ್ಯಾಪಾರಿ ಯಾವ ಸಕಾರಣವನ್ನು ತೋರಿಸಬಲ್ಲ? ಅವರು ಬೇಕೆಂದೇ ಮೋಸ ಮಾಡಿದರೆಂದು ನಾನು ಹೇಳಲಿಲ್ಲ. 1889ರ ಡೆರಿ ವಿರುದ್ಧ ಪೀಕ್ ತೀರ್ಪಿನಿಂದೀಚೆಗೆ ವಂಚನೆಯನ್ನು ಸಾಬೀತುಪಡಿಸುವುದು ಸುಲಭವಲ್ಲ, ನನಗೆ ಅದರ ಅಗತ್ಯವೂ ಇರಲಿಲ್ಲ.

ಮೂರನೆಯದು ಬಿಲ್ಲಿನ ಕೆಳಗೆ ಇರುವೆ ಸಾಲಿನಂತಿದ್ದ ಅಕ್ಷರಗಳು: ಮೈಲಿಗೆ ನಾವು ಹೊಣೆಯಲ್ಲ. ಅದೇ ಕಾಯಿದೆಯ 3ನೆಯ ಕಲಮಿನ ಪ್ರಕಾರ ಇಂಥ ಷರತ್ತು ನ್ಯಾಯಸಮ್ಮತವೆಂದು ಅದನ್ನು ಮುಂದೊಡ್ಡುವವರೇ ತೋರಿಸಬೇಕು ಎಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ.

ಆಮೇಲೆ ಬಂದದ್ದು ಸಕ್ಕರೆ ಹಚ್ಚಿದ ಪ್ರಸ್ತಾಪ: ಕ್ಲಚ್ ಬದಲಾಯಿಸುವ ಖರ್ಚಿನಲ್ಲಿ ಅರ್ಧ ನಾವು ಕೊಡುತ್ತೇವೆ, ಗಾಡಿ ನೀವೇ ಇಟ್ಟುಕೊಳ್ಳಿ. ನನಗೆ 1958ರ ಲಾಂಗ್ ವಿರುದ್ಧ ಲಾಯ್ಡ್ ಪ್ರಕರಣ ನೆನಪಾಯಿತು. ಅಲ್ಲಿ ಲಾರಿ ಕೊಂಡವರು ಮೊದಲ ಓಡಾಟದಲ್ಲೇ ದೋಷಗಳನ್ನು ಕಂಡರು, ಡೈನಮೊ ರಿಪೇರಿಗೆ ಮಾರಿದವರಿಂದ ಅರ್ಧ ಹಣ ಪಡೆಯಲು ಒಪ್ಪಿದರು, ಮತ್ತೆ ಲಾರಿಯನ್ನು ಮಿಡಲ್ಸ್‌ಬರೋಗೆ ಕಳಿಸಿದರು. ಅಲ್ಲಿಗೆ ಅವರು ಲಾರಿಯನ್ನು ಒಪ್ಪಿಕೊಂಡಂತಾಯಿತು, ರದ್ದುಮಾಡುವ ಹಕ್ಕು ಹೋಯಿತು. ಆದ್ದರಿಂದ ದಾಖಲೆ ನೋಡಿದ ಸಂಜೆಯಿಂದ ನಾನು ವ್ಯಾನಿನ ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು, ಬಾಡಿಗೆ ಗಾಡಿಯಲ್ಲಿ ಸಾಮಾನು ತಲುಪಿಸಿದೆ. ಮರುದಿನವೇ ಕರಾರು ರದ್ದು ಎಂದು ಪತ್ರ ಬರೆದೆ. ತಡಮಾಡುವುದೂ ಅಪಾಯವೇ. ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಬರೆದದ್ದೆಂದು ನಂಬಿ ಚಿತ್ರ ಕೊಂಡವರೊಬ್ಬರು ಐದು ವರ್ಷಗಳ ಬಳಿಕ ಹಿಂದಿರುಗಿಸಲು ಹೋಗಿ 1950ರಲ್ಲಿ ಸೋತಿದ್ದಾರೆ; ಮಾರಿದವರು ಮೋಸ ಮಾಡಿದರೆಂಬ ಆರೋಪ ಅಲ್ಲಿ ಇರಲಿಲ್ಲ.

ಎರಡನೆಯ ಪತ್ರಕ್ಕೆ ಅಂಗಡಿ ಮಣಿಯಿತು. ನಲವತ್ತೇಳು ದಿನಗಳ ಬಳಕೆಗೆಂದು 300 ಪೌಂಡ್ ಮುರಿದುಕೊಂಡು ಉಳಿದ ಹಣ ಕೊಟ್ಟರು. ಮುರಿದದ್ದು ನ್ಯಾಯವೇ, ಗಾಡಿಯನ್ನು ಓಡಿಸಿದ್ದು ಸುಳ್ಳಲ್ಲ. ಬಾಡಿಗೆ ಗಾಡಿಯ ಖರ್ಚಿಗೆ ಒಪ್ಪಲಿಲ್ಲ. ಹಟ ಹಿಡಿದಿದ್ದರೆ ಸಿಗುತ್ತಿತ್ತೇನೋ, ನನಗೆ ಸಾಕಾಗಿತ್ತು. ಒಂದು ನಕ್ಷತ್ರ ಹಣ ವಾಪಸು ಬಂದದ್ದಕ್ಕೆ, ಇನ್ನೊಂದು ಗಾಡಿಗಳ ಶುಚಿತ್ವಕ್ಕೆ.

ಮೂರು ವಾರಗಳ ನಂತರ ಅದೇ ವ್ಯಾನ್ ಮತ್ತೆ ಅವರ ಜಾಹೀರಾತಿನಲ್ಲಿ ಕಂಡಿತು. ಬಣ್ಣ, ಎಂಜಿನ್, ಬೆಲೆ ಎಲ್ಲವೂ ಇದ್ದವು. ಮೈಲಿಯ ಸಾಲು ಮಾತ್ರ ಇರಲಿಲ್ಲ. ಇಂಗ್ಲಿಷ್ ಕಾನೂನಿನಲ್ಲಿ ಬರಿಯ ಮೌನ ಸಾಮಾನ್ಯವಾಗಿ ತಪ್ಪು ನಿರೂಪಣೆಯಾಗುವುದಿಲ್ಲ. ಅಲ್ಲಿಗೆ ಹೋಗುವವರು ಬಾಯಿಬಿಟ್ಟು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.