ಸೇಂಟ್ ಮೇರಿಸ್ ದ್ವೀಪ: ಪುಟಾಣಿಗಳಿಗೆ ಬಂಡೆ ಹತ್ತಿಸಲು ಹೇಗಿದೆ?

ಮರಳಲ್ಲಿ ಮನೆ ಕಟ್ಟಿ ಸುಮ್ಮನಾಗುವ ಮಕ್ಕಳಲ್ಲ ನಮ್ಮವು. ಬಂಡೆ ಕಂಡರೆ ಹತ್ತಲೇಬೇಕು. ದೊಡ್ಡವನಿಗೆ ಏಳು, ಚಿಕ್ಕವಳಿಗೆ ನಾಲ್ಕು. ಈ ವಯಸ್ಸಿಗೆ ಮಲ್ಪೆ ಎದುರಿನ ಈ ದ್ವೀಪದಷ್ಟು ಹದವಾದ ಬಂಡೆ ಕರಾವಳಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲಾ ಕಲ್ಲಿನ ಆಕಾರದ ಕೃಪೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಇದು. ತಣ್ಣಗಾಗುತ್ತಾ ಕುಗ್ಗಿ, ಕಂಬ ಕಂಬವಾಗಿ ಸೀಳಿದೆ. ಕಂಬಗಳು ಒಂದೊಂದು ಎತ್ತರಕ್ಕೆ ಮುರಿದು ನಿಂತಿವೆ, ತಲೆ ಹೆಚ್ಚುಕಡಿಮೆ ಚಪ್ಪಟೆ. ಪುಟ್ಟ ಕಾಲಿಗೆ ಮೆಟ್ಟಿಲಾಯಿತು, ಪುಟ್ಟ ಕೈಗೆ ಹಿಡಿಯಲು ಅಂಚೂ ಆಯಿತು. ಮಗ ಸಿಕ್ಕ ಕಂಬದ ಮೂಲೆಯನ್ನೆಲ್ಲ ಎಣಿಸುತ್ತಾ ಹೋದ. ಎಲ್ಲಕ್ಕೂ ಆರು ಮೂಲೆ ಇಲ್ಲ. ಐದರದ್ದೂ ಇವೆ, ಏಳರದ್ದೂ ಇವೆ.

ಹತ್ತುವುದು ಸುಲಭ, ಇಳಿಯುವಾಗಲೇ ಅಳು ಶುರು. ಮುಖ ಬಂಡೆಯ ಕಡೆಗೆ, ಬೆನ್ನು ಸಮುದ್ರಕ್ಕೆ ಮಾಡಿ ಇಳಿಸಿ. ದೊಡ್ಡವರು ಒಬ್ಬರು ಕೆಳಗೆ ನಿಂತಿರಲೇಬೇಕು. ಮೇಲೆ ನಿಂತು ಫೋಟೋ ತೆಗೆಯುವ ಅಪ್ಪಂದಿರಿಂದ ಏನೂ ಪ್ರಯೋಜನವಿಲ್ಲ! ನಮ್ಮದು ಒಂದೇ ನಿಯಮ: ಮಗುವಿನ ಎತ್ತರಕ್ಕಿಂತ ಮೇಲೆ ಹತ್ತುವ ಹಾಗಿಲ್ಲ. ನೀರಿನ ಅಂಚಿನ ಒದ್ದೆ ಕಲ್ಲಿನ ಹತ್ತಿರ ಹೋಗಲೇಬೇಡಿ, ಪಾಚಿ ಜಾರುತ್ತದೆ. ಅಲೆ ಬಡಿಯುವ ಕಡೆ ಕಾವಲಿನವರು ಸೀಟಿ ಊದುತ್ತಾರೆ. ಊದಲಿ, ಒಳ್ಳೆಯದೇ ಅಲ್ವಾ?

ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಕಳಚಿಕೊಳ್ಳುತ್ತದೆ. ಬರಿಗಾಲಾದರೆ ಕಲ್ಲಿಗಂಟಿದ ಚಿಪ್ಪುಗಳು ಕೊಯ್ಯುತ್ತವೆ.

ಇನ್ನು ಬೋಟು. ನಾವು ಹತ್ತಿದ್ದು ಜನ ತುಂಬುವ ತನಕ ಹೊರಡಲೇ ಇಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ ಕೇಳಿ ಪಡೆಯಬೇಕಾಯಿತು. ದೊಡ್ಡವರದ್ದನ್ನು ಮಗಳಿಗೆ ಹಾಕಿದರೆ ಕಿವಿವರೆಗೆ ಬರುತ್ತಿತ್ತು. ಇದಕ್ಕೆ ಅಂಕ ಕಡಿಮೆ.

ಹೋಗುವುದಾದರೆ ಬೆಳಗಿನ ಮೊದಲ ಬೋಟಿಗೇ ಹೋಗಿ. ಹನ್ನೊಂದರ ಮೇಲೆ ಕಲ್ಲು ಕಾದ ಹೆಂಚು. ತೆಂಗಿನ ಮರಗಳಿವೆ, ಆದರೆ ಬಂಡೆಯ ಮೇಲೆ ನೆರಳಿಲ್ಲ. ಮಳೆಗಾಲದಲ್ಲಿ ಬೋಟೇ ಇರುವುದಿಲ್ಲ.

ಐದಕ್ಕೆ ನಾಲ್ಕು ಅಂಕ. ಇನ್ನೂ ಸರಿಯಾಗಿ ನಡೆಯಲು ಬಾರದ ಮಗುವಿದ್ದರೆ ಬೋಟಿನ ತಾಪತ್ರಯ ಬೇಡ, ಕಾಪುಗೆ ಹೋಗಿ. 1901ರ ಲೈಟ್‌ಹೌಸ್ ನಿಂತಿರುವ ಬಂಡೆಗೆ ಮೆಟ್ಟಿಲುಗಳಿವೆ, ಎತ್ತಿಕೊಂಡೇ ಹತ್ತಬಹುದು.