ಪುಣ್ಯದ ಮೀಟರು: ಇಪ್ಪತ್ತು ವರ್ಷ ಬಳಸಿದವನ ಅನುಭವ

ಇಪ್ಪತ್ತು ಬಾಟಲಿ ನೀರು. ಒಂದು ಊರನ್ನೇ ಅಣುಬಾಂಬಿನಿಂದ ಬೂದಿ ಮಾಡಿದ ಪಾಪ ತೊಳೆಯಲು ‘ಫಾಲ್‌ಔಟ್ 3’ ಎಂಬ ವಿಡಿಯೊ ಗೇಮಿನಲ್ಲಿ ಇಷ್ಟು ಸಾಕು. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಮೆಗಾಟನ್ ಊರಿನ ನಡುವೆ ಸಿಡಿಯದೆ ಬಿದ್ದಿರುವ ಬಾಂಬನ್ನು ಸಿಡಿಸಿದರೆ ‘ಕರ್ಮ’ ಎಂಬ ಅಂಕದಲ್ಲಿ 1000 ಕಡಿತ. ರಿವೆಟ್ ಸಿಟಿಯ ಹೊರಗೆ ಬಾಯಾರಿ ಕೂತ ಭಿಕ್ಷುಕನಿಗೆ ಶುದ್ಧ ನೀರಿನ ಒಂದು ಬಾಟಲಿ ಕೊಟ್ಟರೆ 50 ಜಮೆ. ನಾನು ಟೆನ್‌ಪೆನ್ನಿ ಟವರಿನ ಬಾಲ್ಕನಿಯಿಂದ ಆ ಸ್ಫೋಟ ನೋಡಿದೆ. ಆಮೇಲೆ ನೀರು ಹೊತ್ತುಕೊಂಡು ಹೋಗಿ ಭಿಕ್ಷುಕನ ಮುಂದೆ ನಿಂತು ಅದೇ ಬಟನ್ ಒತ್ತುತ್ತಾ ಹೋದೆ. ಪ್ರತಿ ಸಲವೂ ಅವನು ಕೈಚಾಚುತ್ತಾನೆ, ಪ್ರತಿ ಸಲವೂ ಪರದೆಯ ಮೂಲೆಯಲ್ಲಿ ಕರ್ಮ ಏರಿದ ಸುದ್ದಿ. ಮಾಡಿದ್ದನ್ನು ಉಣ್ಣಲೇಬೇಕು ಎಂಬ ಅರ್ಥದಲ್ಲಿ ಆ ಪದ ಕೇಳಿ ಬೆಳೆದವನಿಗೆ, ಅದು ಉಳಿತಾಯ ಖಾತೆಯ ಹಾಗೆ ಏರಿಳಿಯುವುದನ್ನು ನೋಡಿ ನಗು ಬಂತು. ನಗುತ್ತಲೇ ಹದಿಮೂರನೆಯ ಬಾಟಲಿಯನ್ನೂ ಕೊಟ್ಟೆ.

ಇದು ಯಾವುದೋ ಒಂದು ಆಟದ ವಿಮರ್ಶೆಯಲ್ಲ. ರೋಲ್ ಪ್ಲೇಯಿಂಗ್, ಅಂದರೆ ನಾವೇ ಒಂದು ಪಾತ್ರವಾಗಿ ಆಡುವ ಆಟಗಳ ಜೊತೆಗೇ ಬರುವ ಒಂದು ಬಿಡಿಭಾಗದ ವಿಮರ್ಶೆ. ನೀವು ಒಳ್ಳೆಯವರೋ ಕೆಟ್ಟವರೋ ಎಂದು ಅಳೆಯುವ ಆ ಮೀಟರು, ಯಾರ ಕಡೆಯವರೆಂದು ಗುರುತಿಸುವ ಆ ಆಲೈನ್‌ಮೆಂಟ್ ಚೌಕ, ಆ ನೀಲಿ-ಕೆಂಪು ಪಟ್ಟಿ. ಇಪ್ಪತ್ತು ವರ್ಷದಿಂದ ಇದನ್ನು ಬಳಸುತ್ತಿದ್ದೇನೆ. ದೇವರಾಗಿಯೂ ಆಡಿದ್ದೇನೆ, ದೆವ್ವವಾಗಿಯೂ ಆಡಿದ್ದೇನೆ. ಬಹುಪಾಲು ಹೊತ್ತು ಮಾತ್ರ ಗುಮಾಸ್ತನಾಗಿಯೇ ಆಡಿದ್ದೇನೆ.

ಮೂಲದಲ್ಲಿ ಇದು ಮೀಟರೇ ಆಗಿರಲಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟ 1974ರಲ್ಲಿ ಬಂದಾಗ ಇದ್ದದ್ದು ಮೂರೇ ಪಕ್ಷ: ಲಾ (ಕಟ್ಟಳೆ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅವ್ಯವಸ್ಥೆ). ನೀವು ಯಾರ ಕಡೆಯವರು ಎಂದು ಹೇಳಿದರೆ ಆಯಿತು. ಅದರ ನಿಯಮಗಳ ಪುಸ್ತಕವಾದ 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಹೊತ್ತಿಗೆ ಒಳ್ಳೆಯದು-ಕೆಟ್ಟದ್ದು ಎಂಬ ಇನ್ನೊಂದು ಗೆರೆ ಸೇರಿ, ಮೂರು ಮೂರ್ಲ ಒಂಬತ್ತು ಮನೆಗಳಾದವು. ಮೇಜಿನ ಸುತ್ತ ಕೂತು ಆಡುವಾಗ ಎದುರಿಗೆ ಆಟ ನಡೆಸುವ ಒಬ್ಬ ಡಂಜನ್ ಮಾಸ್ಟರ್ ಇರುತ್ತಾನೆ. ‘ಯಾಕೆ ಹಾಗೆ ಮಾಡಿದೆ?’ ಎಂದು ಅವನು ಕೇಳಬಹುದು, ನೀವು ವಾದ ಹೂಡಬಹುದು. ಕಂಪ್ಯೂಟರಿಗೆ ಕೇಳಲು ಬರುವುದಿಲ್ಲ, ಎಣಿಸಲು ಮಾತ್ರ ಬರುತ್ತದೆ. ಹಾಗಾಗಿ 2002ರ ‘ನೆವರ್‌ವಿಂಟರ್ ನೈಟ್ಸ್’ ಹೊತ್ತಿಗೆ ನಮ್ಮ ಒಳ್ಳೆಯತನ ಸೊನ್ನೆಯಿಂದ ನೂರರ ನಡುವಿನ ಒಂದು ಅಂಕಿಯಾಗಿತ್ತು.

ನನ್ನ ಮೊದಲ ಮೀಟರು 2003ರ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’. ನ್ಯಾಯವಾಗಿ ಹೇಳಬೇಕೆಂದರೆ, ಹೊಸಬನಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ನನ್ನ ಮಾತಿಗೆ ಆ ಲೋಕದಲ್ಲಿ ತೂಕವಿದೆ ಎಂದು ಮೊದಲ ಗಂಟೆಯಲ್ಲೇ ಗೊತ್ತಾಯಿತು, ಮುಖದ ಬಣ್ಣವೂ ಬದಲಾಗುತ್ತಿತ್ತು. ತೊಂದರೆ ಶುರುವಾದದ್ದು ಬಿಲ್ಡ್ ಕಟ್ಟುವಾಗ, ಅಂದರೆ ನನ್ನ ಪಾತ್ರಕ್ಕೆ ಶಕ್ತಿಗಳನ್ನು ಆರಿಸುವಾಗ. ಲೈಟ್ ಸೈಡಿನಲ್ಲಿ, ಅಂದರೆ ಒಳ್ಳೆಯವರ ಕಡೆ ಇದ್ದರೆ ಈ ಕಡೆಯ ಶಕ್ತಿಗಳು ಅಗ್ಗ, ಆ ಕಡೆಯವು ದುಬಾರಿ. ತುದಿ ಮುಟ್ಟಿದವರಿಗೆ ಬೋನಸ್, ನಡುವೆ ನಿಂತವರಿಗೆ ಏನೂ ಇಲ್ಲ. ಅಲ್ಲಿಗೆ ನಾನು ಎದುರಿಗಿದ್ದವನ ಕಥೆ ಕೇಳುವುದನ್ನು ಬಿಟ್ಟೆ. ಉತ್ತರಗಳ ಪಟ್ಟಿಯಲ್ಲಿ ಯಾವುದು ‘ಲೈಟ್’ ಎಂದು ಹುಡುಕಿ ಒತ್ತುವುದು, ಅಷ್ಟೇ ಉಳಿಯಿತು.

‘ಮಾಸ್ ಎಫೆಕ್ಟ್’ ಇದನ್ನು ಇನ್ನೂ ಸುಲಭ ಮಾಡಿತು: ಡೈಲಾಗ್ ಚಕ್ರದಲ್ಲಿ ಒಳ್ಳೆಯ ಮಾತು ಮೇಲೆ, ಒರಟು ಮಾತು ಕೆಳಗೆ. ಹುಡುಕುವ ಕಷ್ಟವೂ ತಪ್ಪಿತು. 2010ರ ಎರಡನೇ ಭಾಗದಲ್ಲಿ ಕೆಲವು ಮಾತುಗಳಿಗೆ ಬೀಗವೇ ಇದೆ. ಜೊತೆಗಾರರಾದ ಮಿರಾಂಡಾ ಮತ್ತು ಜ್ಯಾಕ್ ಜಗಳಕ್ಕೆ ಬಿದ್ದಾಗ ಇಬ್ಬರನ್ನೂ ಕಳೆದುಕೊಳ್ಳದೆ ಸಮಾಧಾನ ಮಾಡಬೇಕಾದರೆ ಪ್ಯಾರಗನ್ (ಒಳ್ಳೆಯತನದ, ನೀಲಿ) ಇಲ್ಲವೇ ರೆನೆಗೇಡ್ (ಒರಟುತನದ, ಕೆಂಪು) ಅಂಕ ಸಾಕಷ್ಟು ಕೂಡಿಟ್ಟಿರಬೇಕು. ಅಂದರೆ ಹತ್ತು ಗಂಟೆ ಹಿಂದೆ ಯಾವನೋ ಅಂಗಡಿಯವನ ಹತ್ತಿರ ಸಿಡುಕಿದ್ದಕ್ಕೆ ಇವತ್ತು ನನ್ನ ಬಾಯಿಗೆ ಬೀಗ. ಹೀಗಿರುವಾಗ ಪ್ರತಿ ಸನ್ನಿವೇಶವನ್ನೂ ಬಿಡಿಯಾಗಿ ಯೋಚಿಸುವವನು ದಡ್ಡ. ಆಟ ಶುರುವಾಗುವ ಮೊದಲೇ ‘ಈ ಸಲ ನೀಲಿ’ ಎಂದು ತೀರ್ಮಾನಿಸಿ ಮುಗಿಸಿಬಿಡುವುದೇ ಜಾಣತನ. ಆ ಆಟದಲ್ಲಿ ಕೆಲಸ ಮಾಡಿದ್ದ ಒಬ್ಬರು 2020ರಲ್ಲಿ ಹೇಳಿದ ಪ್ರಕಾರ ಸುಮಾರು 92 ಶೇಕಡ ಜನ ಪ್ಯಾರಗನ್ ಆಗಿಯೇ ಆಡಿದರಂತೆ. ಮನುಷ್ಯರು ಮೂಲತಃ ಒಳ್ಳೆಯವರು ಎನ್ನಲು ಕೆಲವರು ಇದನ್ನು ಸಾಕ್ಷಿ ಮಾಡುತ್ತಾರೆ. ನನಗೇನೋ ನಮಗೆಲ್ಲ ಪಟ್ಟಿ ತುಂಬಿಸುವ ಚಟ ಎಂದೇ ಕಾಣುತ್ತದೆ.

ದುಡ್ಡು ಕೊಟ್ಟು ಒಳ್ಳೆಯವರಾಗುವ ಸೌಲಭ್ಯ ಹಳೆಯದು. 1998ರ ‘ಬಾಲ್ಡರ್ಸ್ ಗೇಟ್’ನಲ್ಲಿ ರೆಪ್ಯುಟೇಶನ್ 20ರವರೆಗೆ ಹೋಗುತ್ತದೆ. ಕೊಲೆ ಮಾಡಿ ಹೆಸರು ಕೆಟ್ಟರೆ ಯಾವುದಾದರೂ ಗುಡಿಗೆ ಹೋಗಿ ಚಿನ್ನ ಸುರಿಯಿರಿ, ಸರಿಹೋಗುತ್ತದೆ. ಆದರೂ ಆ ಆಟದ ಒಂದು ಗುಣ ನನಗೆ ಇವತ್ತಿಗೂ ಇಷ್ಟ. ನಿಮ್ಮ ಹೆಸರು ತೀರಾ ಒಳ್ಳೆಯದಾದರೆ ಜೊತೆಗಿರುವ ದುಷ್ಟರು ಗೊಣಗಲು ಶುರುಮಾಡುತ್ತಾರೆ, ಕೊನೆಗೆ ಬಿಟ್ಟೇ ಹೋಗುತ್ತಾರೆ. ಒಳ್ಳೆಯತನಕ್ಕೂ ಖರ್ಚಿದೆ ಎಂದು ತೋರಿಸಿದ ಆಟಗಳು ಕಡಿಮೆ.

ಇನ್ನು ನನ್ನನ್ನು ಗುಮಾಸ್ತಿಕೆಯಿಂದ ಎಬ್ಬಿಸಿದ ಆಟಗಳು. ‘ಓಲ್ಡ್ ರಿಪಬ್ಲಿಕ್’ನ ಎರಡನೇ ಭಾಗದಲ್ಲಿ, ನಾರ್ ಶಡ್ಡಾ ಎಂಬ ಜಾಗದಲ್ಲಿ, ಒಬ್ಬ ಭಿಕ್ಷುಕ ಐದು ಕ್ರೆಡಿಟ್ (ಅಲ್ಲಿನ ಹಣ) ಕೇಳುತ್ತಾನೆ. ಅಭ್ಯಾಸಬಲದಿಂದ ಕೊಟ್ಟೆ, ಲೈಟ್ ಪಾಯಿಂಟಿಗೆ ಕಾಯುತ್ತಾ. ಜೊತೆಗಿದ್ದ ಮುದುಕಿ ಕ್ರೇಯಾ ‘ಯಾಕೆ ಕೊಟ್ಟೆ?’ ಎಂದು ಹಿಡಿದುಕೊಂಡಳು. ಪರದೆಯಲ್ಲಿ ಅದೇ ಭಿಕ್ಷುಕನನ್ನು ಓಣಿಯಲ್ಲಿ ಇನ್ನೊಬ್ಬ ಹೊಡೆದು ಆ ಹಣ ಕಿತ್ತುಕೊಳ್ಳುವುದನ್ನು ತೋರಿಸಿದರು. ಆಟವನ್ನು ಅಲ್ಲಿಯವರೆಗೆ ಉಳಿಸಿಟ್ಟು ಸೇವ್ ಹಾಕಿದ್ದೆ. ಹಿಂದೆ ಹೋಗಿ ಈ ಸಲ ಗದರಿಸಿ ಓಡಿಸಿದೆ. ಅವನು ಹೋಗಿ ಇನ್ನೊಬ್ಬನನ್ನು ಹೊಡೆದ. ಕ್ರೇಯಾ ಈ ಸಲವೂ ಬೈದಳು. ಅವತ್ತು ಆಟ ಬಂದ್ ಮಾಡಿ ಎದ್ದುಹೋದದ್ದು ಚೆನ್ನಾಗಿ ನೆನಪಿದೆ. ಸಿಟ್ಟು ಬಂದದ್ದು ಭಿಕ್ಷುಕನ ಪಾಡಿಗಲ್ಲ, ನನಗೆ ಬರಬೇಕಾದ ಭೇಷ್ ಬರಲಿಲ್ಲವಲ್ಲ ಎಂದು. ಇದು ಅರ್ಥವಾಗಲು ಇನ್ನೊಂದಷ್ಟು ವರ್ಷ ಬೇಕಾಯಿತು.

2007ರ ‘ದಿ ವಿಚರ್’ ಬೇರೆ ದಾರಿ ಹಿಡಿಯಿತು: ಫಲವನ್ನು ಮುಂದೂಡುವುದು. ಮೊದಲ ಅಧ್ಯಾಯದಲ್ಲಿ ರಾತ್ರಿ ಕಾವಲು ಕಾಯುತ್ತಿದ್ದ ಪೆಟ್ಟಿಗೆಗಳನ್ನು ಎಲ್ಫ್ ಬಂಡುಕೋರರು ಕೇಳಿದರು, ಕೊಟ್ಟುಬಿಟ್ಟೆ. ಯಾವ ಅಂಕವೂ ಬರಲಿಲ್ಲ, ಮರೆತೂಬಿಟ್ಟೆ. ಎಷ್ಟೋ ಗಂಟೆಗಳ ಮೇಲೆ, ಎರಡನೇ ಅಧ್ಯಾಯದಲ್ಲಿ, ನನಗೆ ಸುಳಿವು ಕೊಡಬೇಕಾಗಿದ್ದವನು ಆ ಬಂಡುಕೋರರ ಕೈಯಲ್ಲೇ ಸತ್ತುಬಿದ್ದಿದ್ದ. ಹಿಂದಕ್ಕೆ ಹೋಗೋಣವೆಂದರೆ ಅಷ್ಟು ಹಳೆಯ ಸೇವ್ ಯಾರಿಟ್ಟಿರುತ್ತಾರೆ?

ಅಂದ ಹಾಗೆ ಈ ಸೇವ್-ರೀಲೋಡ್ ಚಟವೇ ಇಡೀ ವ್ಯವಸ್ಥೆಯ ಬುಡದಲ್ಲಿರುವ ತೂತು. ಅದಕ್ಕೆ ಕೈಹಾಕುವ ಧೈರ್ಯ ಮಾಡಿದ್ದು 2015ರ ‘ಅಂಡರ್‌ಟೇಲ್’. ಶುರುವಿನಲ್ಲೇ ತಾಯಿಯಂತೆ ನೋಡಿಕೊಂಡ ಟೋರಿಯಲ್‌ಳನ್ನು ನಾನು ಕೊಂದೆ. ಬೇಕೆಂದೇ ಅಲ್ಲ, ಹೊಡೆದು ಸ್ವಲ್ಪ ಸುಸ್ತು ಮಾಡಿದರೆ ದಾರಿ ಬಿಡುತ್ತಾಳೆ ಅಂದುಕೊಂಡಿದ್ದೆ. ರೀಲೋಡ್ ಮಾಡಿ ಉಳಿಸಿಕೊಂಡೆ. ಬಾಗಿಲು ದಾಟಿದ ಮೇಲೆ ಫ್ಲೌವಿ ಎಂಬ ಹೂವು ಎದುರಾಗಿ, ನೀನು ಅವಳನ್ನು ಕೊಂದದ್ದೂ ಗೊತ್ತು, ಆಮೇಲೆ ಹಿಂದಕ್ಕೆ ಹೋಗಿ ತಿದ್ದಿದ್ದೂ ಗೊತ್ತು ಎಂದು ಹೇಳಿತು. ಕತ್ತು ಬಿಸಿಯಾಯಿತು. ಇಷ್ಟು ವರ್ಷ ಯಾವ ಆಟವೂ ಕೈ ಹಾಕದಿದ್ದ ಜೇಬು ಅದು. ಇಲ್ಲಿ ಎಲ್‌ವಿ ಅಂದರೆ ಲೆವೆಲ್ ಅಲ್ಲ, ಹಿಂಸೆಯ ಮಟ್ಟ ಎಂದು ಕೊನೆಯಲ್ಲಿ ತಿಳಿಯುತ್ತದೆ. ಏರಿದಷ್ಟೂ ಒಳ್ಳೆಯದು ಎಂದು ನಂಬಿಸಿದ್ದ ಅಂಕಿಯೇ ನಮ್ಮ ಮೇಲೆ ಸಾಕ್ಷಿ ಹೇಳುತ್ತದೆ.

ಜೊತೆಗಾರರ ಮೆಚ್ಚುಗೆಯನ್ನೇ ಅಳತೆಗೋಲು ಮಾಡುವ ಪದ್ಧತಿಯೂ ಇದೆ. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಒಳ್ಳೆಯ-ಕೆಟ್ಟ ಮೀಟರಿಲ್ಲ, ಒಬ್ಬೊಬ್ಬ ಜೊತೆಗಾರನ ಮನಸ್ಸಿನಲ್ಲೂ ಬೇರೆ ಬೇರೆ ಮೀಟರು. ಒಬ್ಬರಿಗೆ ದಯೆ ಎನಿಸಿದ್ದು ಇನ್ನೊಬ್ಬರಿಗೆ ದೌರ್ಬಲ್ಯ. ಕಲ್ಪನೆ ಚೆಂದ, ಆದರೆ ಉಡುಗೊರೆ ಕೊಟ್ಟು ಎಲ್ಲವನ್ನೂ ಸರಿಮಾಡಬಹುದು. ಮತ್ತೆ ನೀರಿನ ಬಾಟಲಿಯ ಕಥೆಯೇ. 2016ರ ‘ಟಿರನಿ’ ಇದನ್ನು ಚೆನ್ನಾಗಿ ತಿದ್ದಿತು. ಅಲ್ಲಿ ಜೊತೆಗಾರರ ನಿಷ್ಠೆ ಮತ್ತು ಭಯ ಎರಡು ಬೇರೆ ಬೇರೆ ಲೆಕ್ಕ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಒಬ್ಬಳೇ ನಿಮಗೆ ನಿಷ್ಠಳೂ ಆಗಿರಬಹುದು, ನಿಮ್ಮನ್ನು ಕಂಡರೆ ನಡುಗಲೂಬಹುದು. ಮನೆಗಳಲ್ಲಿ, ಆಫೀಸುಗಳಲ್ಲಿ ಕಾಣುವುದೂ ಹೆಚ್ಚಾಗಿ ಇದೇ.

2023ರ ‘ಬಾಲ್ಡರ್ಸ್ ಗೇಟ್ 3’ ಒಂಬತ್ತು ಮನೆಗಳ ಚೌಕವನ್ನೇ ಎತ್ತಿ ಬಿಸಾಡಿತು. ಎರಡನೇ ಸಲ ಆಡುವಾಗ ಕುತೂಹಲಕ್ಕೆ ಕೆಟ್ಟವನಾಗೋಣ ಎಂದು ಖಳರ ಕಡೆಯ ಮಿಂಥಾರಾ ಜೊತೆ ಸೇರಿ ಡ್ರೂಯಿಡ್‌ಗಳ ತೋಪಿಗೆ ನುಗ್ಗಿದೆ. ಪಾಪದ ಅಂಕ ಬರಲಿಲ್ಲ. ಜೊತೆಗಾರರಾದ ವಿಲ್, ಕಾರ್ಲಾಕ್ ಇಬ್ಬರೂ ಕೈಬಿಟ್ಟುಹೋದರು. ಆಲ್ಫಿರಾ ಎಂಬ ಹುಡುಗಿ ಅಲ್ಲಿ ಬಂಡೆಯ ಮೇಲೆ ಲ್ಯೂಟ್ ಹಿಡಿದು ಅರ್ಧ ಹಾಡಿನ ಮುಂದಿನ ಸಾಲಿಗಾಗಿ ತಡಕಾಡುತ್ತಿರುತ್ತಾಳೆ. ಮೊದಲ ಸಲ ಅವಳ ಜೊತೆ ಕೂತು ಆ ಹಾಡು ಮುಗಿಸಿಕೊಟ್ಟಿದ್ದವನು ನಾನೇ. ಈ ಸಲ ಸತ್ತವರ ನಡುವೆ ಅವಳೂ ಇದ್ದಳು. ರಾತ್ರಿ ಶಿಬಿರದಲ್ಲಿ ಗಾಬ್ಲಿನ್‌ಗಳು ಕುಡಿದು ಕುಣಿಯುತ್ತಿದ್ದವು. ನಾನು ಗುಡಾರದಿಂದ ಗುಡಾರಕ್ಕೆ ಸುಮ್ಮನೆ ಓಡಾಡಿದೆ. ಆ ಆಟ ಅಲ್ಲಿಗೇ ನಿಂತಿದೆ, ಮುಂದುವರಿಸಿಲ್ಲ. ಮೈನಸ್ ಸಾವಿರಕ್ಕೆ ನಕ್ಕಿದ್ದವನು ಇಲ್ಲಿ ಸೊನ್ನೆಗೆ ಸೋತೆ.

ಹಾಗಾದರೆ ಅಂಕಿಯೇ ಬೇಡವೇ? ಹಾಗೆ ಹೇಳಲು ನನಗೆ ‘ಅಲ್ಟಿಮಾ 4’ ಅಡ್ಡಬರುತ್ತದೆ. 1985ರ ಆಟ, ಆಟಗಳನ್ನು ಮಾರುವ ಜಿಒಜಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಚಿತ್ರಗಳು ಇಟ್ಟಿಗೆ ಜೋಡಿಸಿದ ಹಾಗಿವೆ. ಕೊಲ್ಲಬೇಕಾದ ಮಹಾ ಖಳನಾಯಕ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಎಂದು ಎಂಟು ಗುಣಗಳನ್ನು ರೂಢಿಸಿಕೊಳ್ಳುವುದೇ ಗುರಿ. ಮಂತ್ರಕ್ಕೆ ಬೇಕಾದ ಸಾಮಗ್ರಿ ಮಾರುವವಳು ಕುರುಡಿ. ಬೆಲೆ ಹೇಳುತ್ತಾಳೆ, ಎಷ್ಟು ನಾಣ್ಯ ಇಡುತ್ತೀರೆಂದು ನೀವೇ ಟೈಪ್ ಮಾಡಬೇಕು. ಕಡಿಮೆ ಇಟ್ಟರೂ ವ್ಯಾಪಾರ ಮುಗಿಯುತ್ತದೆ. ಒಳಗೆ ಅಲ್ಲೂ ಚಿತ್ರಗುಪ್ತನ ಕಡತ ಇದ್ದೇ ಇದೆ: ಮೋಸ ಮಾಡಿದರೆ ಇಳಿಯುತ್ತದೆ, ಪೂರ್ತಿ ಕೊಟ್ಟರೆ ಏರುತ್ತದೆ. ಆದರೆ ಆ ಕಡತ ನಿಮಗೆ ಕಾಣುವುದಿಲ್ಲ. ಅರಮನೆಯಲ್ಲಿ ಹಾಕ್‌ವಿಂಡ್ ಎಂಬ ಜ್ಞಾನಿ ಇದ್ದಾನೆ, ಒಂದೊಂದು ಗುಣದಲ್ಲಿ ನೀವು ಹೇಗಿದ್ದೀರಿ ಎಂದು ಕೇಳಿದರೆ ಮಾತಿನಲ್ಲಿ ಹೇಳುತ್ತಾನೆ, ಅಂಕಿಯಲ್ಲಿ ಅಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ. ಲೆಕ್ಕ ಇರಲಿ, ನನ್ನ ಕಣ್ಣಿಗೆ ಬೀಳದಿರಲಿ.

ಕೊಳ್ಳುವವರಿಗೆ ಒಂದು ಉಪಯೋಗದ ಮಾತು. 2015ರ ‘ಪಿಲ್ಲರ್ಸ್ ಆಫ್ ಇಟರ್ನಿಟಿ’ಯಲ್ಲಿ ಯಾವ ಉತ್ತರ ಯಾವ ಸ್ವಭಾವಕ್ಕೆ ಸೇರುತ್ತದೆ ಎಂಬ ಸೂಚನೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಮೊದಲ ದಿನವೇ ಮಾಡಿ. ಮೊದಲು ಕೈ ಕಟ್ಟಿದಂತಾಗುತ್ತದೆ, ಆಮೇಲೆ ಎದುರಿನವನ ಮಾತನ್ನು ಪೂರ್ತಿ ಓದಲು ಶುರುಮಾಡುತ್ತೀರಿ. ಕಾಣುವ ಮೀಟರಿಗೆ ನನ್ನಿಂದ ಐದಕ್ಕೆ ಎರಡು. ಕಾಣದ ಮೀಟರಿಗೆ ನಾಲ್ಕು. ಉಳಿದ ಒಂದು ಯಾಕಿಲ್ಲವೆಂದರೆ, ಸಿಕ್ಕಿಹಾಕಿಕೊಂಡಾಗ ಆಟದ ಉತ್ತರಗಳನ್ನೆಲ್ಲ ಬೇರೆಯವರು ಬರೆದಿಟ್ಟ ವಾಕ್‌ಥ್ರೂ ತೆರೆದು ಇಣುಕುವ ನನ್ನಂಥವರನ್ನು ಅದೂ ತಡೆಯಲಾರದು.

ಸದ್ಯ ‘ಅಲ್ಟಿಮಾ 4’ ಎರಡನೇ ಸಲ ನಡೆಯುತ್ತಿದೆ. ಕಳೆದ ವಾರ ಆ ಕುರುಡಿಯ ಹತ್ತಿರ ಗಂಧಕದ ಬೂದಿ ಕೊಳ್ಳುವಾಗ ಅವಸರದಲ್ಲಿ ಒಂದು ಅಂಕಿ ತಪ್ಪಿ, ಕೊಡಬೇಕಾದ್ದಕ್ಕಿಂತ ಕಡಿಮೆ ಟೈಪ್ ಮಾಡಿ ಎಂಟರ್ ಒತ್ತಿಬಿಟ್ಟೆ. ಹಳೆಯ ಸೇವ್ ಇದೆ, ಮುಟ್ಟಿಲ್ಲ. ಹಾಕ್‌ವಿಂಡ್ ಹತ್ತಿರ ಹೋಗಿ ಪ್ರಾಮಾಣಿಕತೆಯ ಬಗ್ಗೆ ಕೇಳುವುದನ್ನು ಮಾತ್ರ ಮೂರು ದಿನದಿಂದ ನಾಳೆ ನಾಳೆ ಎನ್ನುತ್ತಿದ್ದೇನೆ.